ಮೊಣಕೈಯ ಮುಲಾಮು

ನಾಯಿಯನ್ನು ಮನೆಗೆ ತಂದವಳು ಅಕ್ಕ. ಊಟ ಹಾಕಿ, ಮೈ ತೊಳೆದು, ಉಚ್ಚೆ ಒರೆಸಿ ಸಾಕಿದವಳೂ ಅವಳೇ. ಆದರೆ ಸಂಜೆ ತಂಗಿ ಪಾರ್ಲರ್ ಕೆಲಸ ಮುಗಿಸಿ ಮೆಟ್ಟಿಲು ಹತ್ತುವ ಸದ್ದು ಕೇಳಿದರೆ ಸಾಕು, ಗುಂಡ ಹೊಲಿಗೆ ಮೆಷಿನ್ನಿನ ಅಡಿಯಿಂದ ಎದ್ದು, ಕತ್ತರಿಸಿಟ್ಟ ಬಟ್ಟೆಯನ್ನೆಲ್ಲ ತುಳಿದುಕೊಂಡು ಬಾಗಿಲಿಗೆ ಓಡುತ್ತಿತ್ತು. ದಿನವಿಡೀ ಜೊತೆಗಿದ್ದ ಅಕ್ಕ ಆಗ ಯಾರೋ ಪಕ್ಕದ ಮನೆಯವಳು.

"ಏನೋ ಗುಂಡಣ್ಣ, ನನ್ನ ಬಿಟ್ಟು ಇರೋಕಾಗಲ್ವೇನೋ?" ಎಂದು ತಂಗಿ ನಕ್ಕರೆ ಅಕ್ಕನ ಹೊಟ್ಟೆ ಉರಿದುಹೋಗುತ್ತಿತ್ತು. ಚಿಕ್ಕಂದಿನಿಂದಲೂ ಇದೇ ಕತೆ. ನೆಂಟರೆಲ್ಲ ತಂಗಿಯ ಕೆನ್ನೆ ಹಿಂಡಿ, ಅಕ್ಕನ ಕೈಗೆ ಖಾಲಿ ಲೋಟ ಕೊಡುತ್ತಿದ್ದರು. ಈಗ ನಾಯಿಯೂ ಅವರ ಪಕ್ಷ ಸೇರಿತಲ್ಲ!

ಅವಳಿಗಿದ್ದದ್ದು ಒಂದೇ ಸಮಾಧಾನ. ಮೊಣಕೈಯ ಸೋರಿಯಾಸಿಸ್‌ಗೆ ಮಧ್ಯಾಹ್ನ ಮುಲಾಮು ಹಚ್ಚಿಕೊಂಡು ಕೂತರೆ ಗುಂಡ ತಾನಾಗಿಯೇ ಬಂದು ನೆಕ್ಕುತ್ತಿತ್ತು. ಹೊಟ್ಟು ಏಳುವ ಆ ಚರ್ಮಕ್ಕೆ ಅಸಹ್ಯಪಡದ ಜೀವ ಇದೊಂದೇ ಎಂದು ಅವಳು ಒಳಗೊಳಗೇ ಹಿಗ್ಗುತ್ತಿದ್ದಳು. ತಂಗಿಗೆ ಹೇಳಿರಲಿಲ್ಲ.

ಒಂದು ರಜೆಯ ದಿನ ತಂಗಿ ಮಂಚದ ಕೆಳಗಿಂದ ಮುಲಾಮಿನ ಟ್ಯೂಬ್ ಹೊರಗೆಳೆದಳು. ಹಲ್ಲಿನ ತೂತು ಬಿದ್ದು ಜರಡಿಯಾಗಿತ್ತು. ಒಳಗೆ ಏನೂ ಉಳಿದಿರಲಿಲ್ಲ.

"ಅಕ್ಕಾ, ನಿನ್ನ ಮುಲಾಮು ತಿಂದ್ಬಿಟ್ಟಿದೆ ಕಣೇ!"

ಅಕ್ಕ, "ನನ್ನ ನಾಯಿ, ನಾನು ನೋಡ್ಕೋತೀನಿ. ಉಪ್ಪುನೀರು ಕುಡಿಸಿದ್ರೆ ಕಕ್ಕತ್ತೆ," ಎನ್ನುತ್ತ ಅಡುಗೆಮನೆಗೆ ನುಗ್ಗಿದಳು.

ತಂಗಿ ಆಗಲೇ ಫೋನಿನಲ್ಲಿದ್ದಳು. "ಉಪ್ಪು ಬೇಡ್ವಂತೆ! ಅದೂ ವಿಷವೇ ಅಂತೆ. ಏನೂ ಕುಡಿಸ್ಬೇಡಿ, ಟ್ಯೂಬ್ ತಗೊಂಡು ಈಗ್ಲೇ ಬನ್ನಿ ಅಂತಿದ್ದಾರೆ ಡಾಕ್ಟ್ರು."

"ಚೆನ್ನಾಗೇ ಇದೆಯಲ್ಲೇ?"

"ಚೆನ್ನಾಗಿ ಕಂಡ್ರೂ ಕಾಯೋ ಹಾಗಿಲ್ವಂತೆ. ನಡಿಯೇ!"

ಪಶುವೈದ್ಯೆ ಟ್ಯೂಬಿನ ಮೇಲಿನ ಹೆಸರು ಓದಿ ಹುಬ್ಬು ಗಂಟಿಕ್ಕಿದರು. "ಇದು ನಾಯಿ ರಕ್ತದಲ್ಲಿ ಕ್ಯಾಲ್ಸಿಯಂ ಏರಿಸಿ ಕಿಡ್ನಿ ಕೆಡಿಸತ್ತೆ. ಬೇಗ ಬಂದಿದ್ದು ಒಳ್ಳೇದಾಯ್ತು." ವಾಂತಿಯಾಗಲು ಚುಚ್ಚುಮದ್ದು ಕೊಟ್ಟು, ಆಮೇಲೆ ಡ್ರಿಪ್ ಹಾಕುತ್ತ ಕೇಳಿದರು, "ಮುಂಚೆ ಯಾವಾಗಾದ್ರೂ ನೆಕ್ಕಿತ್ತಾ?"

"ಇಲ್ಲ ಡಾಕ್ಟ್ರೇ," ಎಂದಳು ತಂಗಿ.

ಅಕ್ಕ ತಲೆ ತಗ್ಗಿಸಿದಳು. "ದಿನಾ ನೆಕ್ತಿತ್ತು. ನಾನೇ ಬಿಡ್ತಿದ್ದೆ."

"ಯಾಕೇ?"

"ನಿನ್ನ ಹತ್ರ ಸುಮ್ಸುಮ್ನೇ ಬರತ್ತೆ. ನನ್ನ ಹತ್ರ ಬರೋದು ಅದೊಂದಕ್ಕೇ."

ವೈದ್ಯೆ ಕೇಳಿಸದವರಂತೆ ಸೂಜಿಗೆ ಪಟ್ಟಿ ಸುತ್ತಿದರು.

ಕೆಲವು ದಿನ ಗುಂಡ ಅಲ್ಲೇ ಉಳಿಯಿತು. ಮತ್ತೆ ಮತ್ತೆ ರಕ್ತಪರೀಕ್ಷೆ, ಮತ್ತೆ ಡ್ರಿಪ್. ಅಕ್ಕ ಹೊಲಿಗೆ ಬಿಟ್ಟು ಪಂಜರದ ಮುಂದೆ ಕೂತಿರುತ್ತಿದ್ದಳು. ಕಡೆಗೆ ಅದು ತಲೆಯೆತ್ತಿ ಬಾಲ ಬಡಿದದ್ದು, ಆಗಷ್ಟೇ ಒಳಗೆ ಬಂದ ತಂಗಿಯನ್ನು ನೋಡಿ. ಬದುಕಿತಲ್ಲ ಎಂಬ ಖುಷಿಯ ನಡುವೆಯೂ ಅಕ್ಕನಿಗೆ ಚುರುಕ್ಕೆಂದಿತು.

ಮನೆಗೆ ಬಂದ ಮೇಲೆ ಮುಲಾಮು ಬೀರುವಿನೊಳಗೆ ಹೋಯಿತು. ಅಕ್ಕ ತುಂಬುತೋಳಿನ ರವಿಕೆ ಹೊಲಿದುಕೊಂಡಳು. ತಂಗಿ, "ಇನ್ಮೇಲೆ ಸಂಜೆ ಗುಂಡನ್ನ ಸುತ್ತಾಡ್ಸೋದು ನೀನೇ. ನಾನು ಲೇಟಾಗಿ ಬರ್ತೀನಿ," ಎಂದಳು.

"ನಿನ್ನ ಕನಿಕರ ಯಾರಿಗೆ ಬೇಕು?"

"ಕನಿಕರ ಅಲ್ವೇ, ನಂಗೂ ಕಾಲು ನೋಯತ್ತೆ."

ಮೊದಲ ಸಂಜೆ ಬೀದಿಯ ತಿರುವಿನವರೆಗೂ ಗುಂಡ ತಂಗಿಗಾಗಿ ಹಿಂತಿರುಗಿ ನೋಡುತ್ತಲೇ ಇತ್ತು. ಅಕ್ಕ ಹಲ್ಲು ಕಚ್ಚಿ ನಿಂತು ಕಾದಳು. ಆಮೇಲೆ ಯಾವುದೋ ಬೆಕ್ಕು ಕಂಡು, ಗುಂಡ ಅವಳನ್ನೂ ಎಳೆದುಕೊಂಡೇ ಓಡಿತು.