ಮುಸುರೆ ಬಕೆಟ್ಟು

ದೇವರಾಜ ಅರಸು ಬಡಾವಣೆಯ ಉಮಾಮಹೇಶ್ವರಿಯ ಮನೆಯಿಂದ ಕಸದ ಗಾಡಿಗೆ ಒಂದು ಸಿಪ್ಪೆಯೂ ಹೋಗುತ್ತಿರಲಿಲ್ಲ. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಮಿಕ್ಕ ಮುದ್ದೆ ಎಲ್ಲವೂ ಹಿತ್ತಿಲ ಬಕೆಟ್ಟಿಗೆ ಬೀಳುತ್ತಿದ್ದವು. ಹಿಂದಿನ ಬೀದಿಯ ಯಲ್ಲಕ್ಕ ದಿನಾ ಬೆಳಿಗ್ಗೆ ಬಂದು ಆ ಮುಸುರೆಯನ್ನು ತನ್ನ ಒಂದೇ ಎಮ್ಮೆಗೆ ಒಯ್ಯುತ್ತಿದ್ದಳು.

ಆ ದಿನ ಯಲ್ಲಕ್ಕ ಬರಿಗೈಯಲ್ಲಿ ಬಂದು ಕಟ್ಟೆಯ ಮೇಲೆ ಕುಸಿದಳು.

"ಎಮ್ಮೆ ಹೋತ್ರಿ ಉಮಕ್ಕಾರೆ. ವಾರದಿಂದ ಮೇವು ಮುಟ್ಟಿರಲಿಲ್ಲ. ಡಾಕ್ಟ್ರು ಕೊಯ್ದು ನೋಡಿದ್ರೆ ಗುಂಡಿಗೇಗೆ ಸೂಜಿ ಚುಚ್ಚೈತೆ. ಹಸಿರು ದಾರ ಇನ್ನೂ ಹಂಗೇ ಐತ್ರಿ."

ಉಮಾಮಹೇಶ್ವರಿಗೆ ತನ್ನ ಕಳೆದ ಸೂಜಿ ನೆನಪಾಯಿತು. ಹೋದ ತಿಂಗಳು ಹಳೆಯ ಹಸಿರು ಸೀರೆಯಲ್ಲಿ, ಅದೇ ಬಣ್ಣದ ದಾರದಿಂದ ಸಂತೆ ಚೀಲ ಹೊಲಿಯುತ್ತಿದ್ದಾಗ ಒಲೆಯ ಮೇಲೆ ಹಾಲು ಉಕ್ಕಿತ್ತು. ಸೂಜಿ ಕಳೆಯಬಾರದೆಂದು ಪಕ್ಕದ ಸೋರೆಕಾಯಿ ಸಿಪ್ಪೆಗೆ ಚುಚ್ಚಿ ಓಡಿದ್ದಳು. ಆಮೇಲೆ ಮರೆತು ಸಿಪ್ಪೆಯನ್ನೆಲ್ಲ ಬಾಚಿ ಬಕೆಟ್ಟಿಗೆ ಹಾಕಿದ್ದಳು. ಸಂಜೆ ಮನೆಯೆಲ್ಲ ಹುಡುಕಿದ್ದಳು, ಬಕೆಟ್ಟೊಂದನ್ನು ಬಿಟ್ಟು.

"ಮೂಲೆ ಮನೇರ ಮುಸುರೇನೂ ಒಯ್ತಿದ್ನಲ್ರಿ, ಸೂಜಿ ಅವರದೇ ಇರ್ಬೇಕು. ಅವರ ಬಾಗಿಲಿಗೆ ಮಣ್ಣು ತೂರಿ ಬಂದೆ," ಎಂದಳು ಯಲ್ಲಕ್ಕ. "ನಿಮ್ಮನೇದಾದ್ರೆ ನಂಬಿ, ಕೈಯಾಡಿಸ್ದಂಗೇ ಎಮ್ಮೆಗೆ ಸುರೀತಿದ್ದೆ ನೋಡ್ರಿ."

ಉಮಾಮಹೇಶ್ವರಿ ಒಳಗೆ ಹೋಗಿ ಮೊಳೆಗೆ ತೂಗುಹಾಕಿದ್ದ ಚೀಲ ತಂದು ಅವಳ ಮಡಿಲಲ್ಲಿಟ್ಟಳು.

"ಅವರನ್ನ ಬಯ್ಯಬ್ಯಾಡ ಯಲ್ಲಕ್ಕಾ. ಸೂಜಿ ನಂದು."

ಯಲ್ಲಕ್ಕ ಹಸಿರು ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದಳು. ಚೀಲವನ್ನು ಮೆಲ್ಲಗೆ ಮಡಿಸಿ ಕಟ್ಟೆಯ ಮೇಲಿಟ್ಟು, ಎದ್ದು ಹೋದಳು.

ಮರುದಿನ ಉಮಾಮಹೇಶ್ವರಿ ಅಕ್ಕಿ ತೊಳೆದು, ರೂಢಿಯಂತೆ ನೀರನ್ನು ಬಕೆಟ್ಟಿಗೆ ಬಸಿದಳು. ಬಸಿದ ಮೇಲೆ, ಅದನ್ನು ಎಲ್ಲಿ ಚೆಲ್ಲುವುದೆಂದು ತಿಳಿಯದೆ ಹಿತ್ತಿಲಲ್ಲೇ ನಿಂತಳು.