ಅರಿಶಿನದ ಗಂಟು

ನಾನು ಒಂದು ಕಾಂಪೌಂಡ್ ಬಿಲ್ಲು. ಅಲ್ಯೂಮಿನಿಯಂ ಮೈ, ಎರಡು ತುದಿಗೂ ಒಂದೊಂದು ಗಾಲಿ, ನಡುವೆ ಬಿಗಿದ ಹೆದೆ. ಕಾರ್ಖಾನೆಯಲ್ಲಿ ಕಣ್ಣು ಬಿಟ್ಟ ದಿನವೇ ಯಾರೋ ನನ್ನ ಸ್ಕ್ರೂ ತಿರುಗಿಸಿದರು. ಅಂದಿನಿಂದ ತಿರುಗಿಸುತ್ತಲೇ ಇದ್ದಾರೆ.

ಮೊದಲು ಹುಬ್ಬಳ್ಳಿಯ ಸಾಹುಕಾರರೊಬ್ಬರು ನನ್ನನ್ನು ಕೊಂಡರು. ಒಂದೆರಡು ಭಾನುವಾರ ಗುರಿಯಿಟ್ಟು, ಬೆನ್ನು ಹಿಡಿದುಕೊಂಡಿತೆಂದು ಗೋಡೆಗೆ ತೂಗುಹಾಕಿದರು. ಅಲ್ಲಿಂದ ವಿಜಯಪುರದ ಕಡೆಯ ಒಂದು ಕ್ರೀಡಾ ಹಾಸ್ಟೆಲಿಗೆ ಬಂದೆ. ಅಲ್ಲಿ ಪ್ರತಿಯೊಬ್ಬರೂ ತಮ್ಮ ತೋಳಿನ ಅಳತೆಗೆ ನನ್ನನ್ನು ಬಿಗಿದರು, ಸಡಿಲಿಸಿದರು. ನನ್ನದೇ ಅಳತೆ ಯಾವುದೆಂದು ನನಗೆ ಮರೆತೇಹೋಯಿತು.

ಕೊನೆಗೆ ಕಸ್ತೂರಿಯ ಕೈಗೆ ಬಂದೆ. ಆಯುಧಗಳನ್ನು ಪೂಜಿಸುವ ಖಂಡೇಪೂಜೆಗೆಂದು ಊರಿಂದ ಬಂದ ಅವಳ ತಾಯಿ ನಿಂಗವ್ವ ನನಗೆ ಕುಂಕುಮ ಹಚ್ಚಿ, ಅರಿಶಿನ ಕೊಂಬಿನ ದಾರವನ್ನು ಬಾಣ ಕೂರುವ ಪುಟ್ಟ ಕವಲಿನ ಪಕ್ಕದಲ್ಲೇ ಕಟ್ಟಿದಳು. "ಗೆದ್ದ ಮ್ಯಾಲೆ ಬಿಚ್ಚವಾ. ಅಲ್ಲೀತನಕ ಮುಟ್ಟಬ್ಯಾಡ."

ರಾಜ್ಯ ತಂಡದ ಆಯ್ಕೆ ಹತ್ತಿರವಿತ್ತು. ಅದು ತಪ್ಪಿದರೆ ಕಸ್ತೂರಿಗೆ ಹಾಸ್ಟೆಲಿನ ಜಾಗವೂ ತಪ್ಪುತ್ತಿತ್ತು. ಕೋಚ್ ಗುರುಪಾದ ಸರ್ ಚೌಕಟ್ಟಿಗೆ ಹಳೆಯ ಪೇಪರ್ ಅಂಟಿಸಿ, ಹತ್ತಿರದಿಂದ ಬಾಣ ಬಿಡಿಸಿದರು. ಬಾಣ ನೆಟ್ಟಗೆ ಹೋದರೆ ಗುಂಡನೆಯ ತೂತು, ಸುತ್ತ ಗರಿಗಳ ಗೀರು, ಅಷ್ಟೇ. ಬಾಲ ಅಲ್ಲಾಡಿದರೆ ಪೇಪರ್ ಹರಿಯುತ್ತದೆ.

ಹರಿಯಿತು. "ಮತ್ತ ಎಡಕ್ಕ ಹರದದ" ಎಂದು ಸರ್ ಕವಲನ್ನು ಕೂದಲೆಳೆಯಷ್ಟು ಸರಿಸಿದರು. ಬಲಕ್ಕೆ ಹರಿಯಿತು. ಗಾಲಿ ಸರಿಪಡಿಸಿದರು, ಹೆದೆ ಬದಲಿಸಿದರು, ಕೊನೆಗೆ ಅವಳ ಮುಂಗೈಯನ್ನು ಬೈದರು. "ಬಿಲ್ಲ ಹಿಡದೀಯೋ, ಬಸ್ಸಿನ್ಯಾಗ ಕಂಬ ಹಿಡದೀಯೋ?" ದಾರವನ್ನು ಮಾತ್ರ ಯಾರೂ ಮುಟ್ಟಲಿಲ್ಲ. ತಪ್ಪಿ ತಾಗಿದರೆ ಸರ್ ಬೆರಳನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ತೊಡಕು ಎಲ್ಲಿದೆಯೆಂದು ನನಗೆ ಗೊತ್ತಿತ್ತು. ಹೇಳಲು ಬಾಯಿಲ್ಲ.

ಆಯ್ಕೆಯ ಹಿಂದಿನ ದಿನ ಕಸ್ತೂರಿ ಬಾಣ ಕಿತ್ತು ತರುವಾಗ ಅಲ್ಲೇ ನಿಂತಳು. ಬಿಳಿ ಗರಿಯ ಅಂಚಿನಲ್ಲಿ ಹಳದಿ. ಇನ್ನೊಂದು ಬಾಣದಲ್ಲೂ ಹಳದಿ. ಬಾಣ ಹೊರಡುವಾಗ ಗರಿ ಗಂಟಿಗೆ ಉಜ್ಜುತ್ತಿತ್ತು.

ಸರ್ ನೋಡಿ ತಲೆ ಕೆರೆದುಕೊಂಡರು. "ಬಿಚ್ಚ ಅಂತ ನಾ ಹೆಂಗ ಹೇಳ್ಲಿ? ನಿಮ್ಮವ್ವನ್ನ ಕೇಳು."

ಕಸ್ತೂರಿ ಊರಿಗೆ ಫೋನ್ ಮಾಡಿದಳು. ನಿಂಗವ್ವ ಅಂದಳು: "ಬಾಣಕ್ಕ ಅಡ್ಡ ಬರ್ಲಿ ಅಂತ ಕಟ್ಟೀನೇನ ನಾ? ಬಿಚ್ಚ, ಹುಚ್ಚಿ. ದೇವರಿಗೆ ನಾ ಹೇಳ್ಕೋತೀನಿ."

ಗಂಟು ಬಿಚ್ಚಿದ ಮೇಲೆ ನನ್ನ ಸ್ಕ್ರೂಗಳೆಲ್ಲ ಮತ್ತೆ ಹಿಂದಕ್ಕೆ ತಿರುಗಿದವು. ಕತ್ತಲಾಗುವ ಮುಂಚೆ ಪೇಪರಿನಲ್ಲಿ ಗುಂಡನೆಯ ತೂತು ಬಿತ್ತು.

ಕಸ್ತೂರಿ ಆಯ್ಕೆಯಾದಳು. ಆಯ್ಕೆಯಾದವರಿಗೆ ಹೊಸ ಬಿಲ್ಲು ಕೊಡುತ್ತಾರೆ. ನಾನು ಸಾಮಾನಿನ ಕೋಣೆಯ ಮೂಲೆ ಸೇರಿದೆ. ಒಂದು ಗಾಲಿ ಬಿರುಕು ಬಿಟ್ಟಿದೆ. ಹೆದೆಯನ್ನು ಯಾರೋ ಬಿಚ್ಚಿಕೊಂಡು ಹೋಗಿದ್ದಾರೆ.

ಈ ಸಲದ ಖಂಡೇಪೂಜೆಗೆ ನಿಂಗವ್ವ ಮತ್ತೆ ಬಂದಳು. ಮಗಳ ಹೊಸ ಬಿಲ್ಲಿಗೆ ದೂರದಿಂದಲೇ ಕೈ ಚಾಚಿ ಕುಂಕುಮ ಇಟ್ಟಳು. ಆಮೇಲೆ ಚೀಲದಿಂದ ದಾರ ತೆಗೆದು ಸೀದಾ ನನ್ನ ಬಳಿ ಬಂದಳು.

"ನಿನಗ ಕಟ್ಟಿದ್ರ ಯಾರೂ ಬೈಯೂದಿಲ್ಲಲ್ಲ?"

ಅದೇ ಜಾಗದಲ್ಲಿ, ಅಷ್ಟೇ ಬಿಗಿಯಾಗಿ ಕಟ್ಟಿದಳು. ಬಿಗಿಸಿಕೊಂಡು, ಸಡಿಲಿಸಿಕೊಂಡು ನನಗೆ ಸಾಕಾಗಿದೆ. ಆದರೂ ಈ ಒಂದು ಗಂಟನ್ನು ಯಾರೂ ಬಿಚ್ಚದಿರಲಿ.