ತೊಳೆದಿಟ್ಟ ಹಂಡೆಗಳು

ವಕೀಲರು ಬಿಡಿಸಿ ಹೇಳಿದ್ದರು. ಕೆಲಸ ನಡೆಯುತ್ತಿರುವ ಜಾಗವನ್ನು ಸರ್ಕಾರ ಅಂಗಡಿ ಸಂಕೀರ್ಣಕ್ಕೆಂದು ಕಿತ್ತುಕೊಳ್ಳುವಂತಿಲ್ಲ. ನ್ಯಾಯಾಲಯವೇ ಗೆರೆ ಎಳೆದಿದೆ. ಪಾಳುಬಿದ್ದದ್ದನ್ನು ಮಾತ್ರ ತೆಗೆದುಕೊಳ್ಳಬಹುದು. ನೋಡಿಕೊಂಡು ಹೋಗಲು ಗುರುವಾರ ಅಧಿಕಾರಿ ಬರುತ್ತಾರೆ.

ಆ ಜಾಗವೆಂದರೆ ಅತ್ತೆ ಸೊಸೆ ಇಬ್ಬರೇ ನಡೆಸುತ್ತಿದ್ದ, ನೂಲಿಗೆ ಬಣ್ಣ ಹಾಕುವ ಹಳೆಯ ಮನೆ. ಅವರ ಹೊಟ್ಟೆಪಾಡು ಅದರಲ್ಲೇ.

"ಈ ಕೊಳಕು ನೋಡಿದ್ರೆ ಪಾಳು ಅನ್ನದೆ ಅರಮನೆ ಅಂತಾರೇನೇ?" ಎಂದರು ಅತ್ತೆ.

ಸೊಸೆಗೂ ಅದು ಸರಿಯೆನಿಸಿತು. ಕೈಗಂಟಿದ ಬಣ್ಣದ ಕಲೆಗೆ ನಾಚಿಯೇ ಬದುಕಿದ ಮನೆತನ. ಬುಧವಾರವಿಡೀ ಇಬ್ಬರೂ ಒಲೆ ಆರಿಸಿ, ಬೂದಿ ತೆಗೆದು, ಹಂಡೆ ಬರಿದು ಮಾಡಿ ಉಜ್ಜಿದರು. ಒದ್ದೆ ನೂಲನ್ನು ಹಗ್ಗದಿಂದ ಇಳಿಸಿ ನೆರೆಮನೆಯ ತಾರಸಿಗೆ ಸಾಗಿಸಿದರು.

ಅಧಿಕಾರಿ ಮೃದುಭಾಷಿ. ಬಾಗಿಲಲ್ಲೇ ಚಪ್ಪಲಿ ಬಿಟ್ಟರು.

"ಎಷ್ಟು ಚೊಕ್ಕಟವಾಗಿ ಇಟ್ಕೊಂಡಿದ್ದೀರಮ್ಮಾ!"

"ನನ್ನ ಸೊಸೆಗೆ ಬಾಯಿ ಜೋರು, ಕೆಲಸ ಮಾತ್ರ ಅಚ್ಚುಕಟ್ಟು," ಅತ್ತೆ ಹಿಗ್ಗಿದರು.

ಅಧಿಕಾರಿ ಹಂಡೆಯೊಳಗೆ ಬೆರಳಾಡಿಸಿದರು. ಬಗ್ಗಿ ಒಲೆಯ ಬಾಯಿಗೆ ಅಂಗೈ ಹಿಡಿದರು. ಖಾಲಿ ಹಗ್ಗದ ಫೋಟೊ ತೆಗೆದರು.

"ಒಲೆ ಹಚ್ಚಿ ಎಷ್ಟು ಕಾಲ ಆಯ್ತು?"

"ಅಯ್ಯೋ, ಮೊನ್ನೆಯೆಲ್ಲ ಉರೀತಿತ್ತು! ನೀವು ಬರ್ತೀರಿ ಅಂತ ಆರಿಸಿದ್ವಿ," ಎಂದರು ಅತ್ತೆ.

"ಎಲ್ರೂ ಹಾಗೇ ಅಂತಾರಮ್ಮಾ." ದನಿಯಲ್ಲಿ ಒರಟುತನವಿರಲಿಲ್ಲ. ಸೊಸೆಯ ಕಡೆ ತಿರುಗಿದರು. "ಬಣ್ಣ ಹಾಕೋದು ನೀವೇನಾ? ಎಲ್ಲಿ, ಕೈ ತೋರಿಸಿ."

ಆಕೆ ಕೈ ಚಾಚಿದಳು. ಬೆಳಿಗ್ಗೆಯಷ್ಟೇ ನಿಂಬೆ ಸಿಪ್ಪೆಯಿಂದ ಚರ್ಮ ಉರಿಯುವಷ್ಟು ತಿಕ್ಕಿದ್ದಳು. ಉಗುರುಗಳು ಬೆಳ್ಳಗೆ, ಯಾರದೋ ಉಗುರುಗಳಂತೆ ಕಂಡವು. ಆಗ ಅವಳಿಗೆ ಹೊಳೆಯಿತು. ಹಿಂದಕ್ಕೆಳೆದುಕೊಳ್ಳುವಷ್ಟರಲ್ಲಿ ಫೋಟೊ ಆಗಿಹೋಗಿತ್ತು.

"ಕೂತ್ಕೊಳಿ ಸಾರ್. ಈಗಲೇ ಒಲೆ ಹಚ್ತೀನಿ, ನೂಲು ಪಕ್ಕದ ಮನೇಲಿದೆ, ತರ್ತೀನಿ, ನೀವೇ ನೋಡಿ..."

"ಬೇಡಮ್ಮಾ, ಯಾಕೆ ತೊಂದರೆ? ನನಗೆ ಬೇಕಾದ್ದು ಸಿಕ್ತು."

ಅವರು ಹೊರಟರು. ಅತ್ತೆ ಬಾಗಿಲವರೆಗೂ ಹೋಗಿ ಕೈಮುಗಿದು ಬಂದರು.

"ಎಂಥ ಮರ್ಯಾದಸ್ಥರು! ಒಂದೇ ಒಂದು ಕೊಳೆ ಎತ್ತಿ ತೋರಿಸೋಕಾಯ್ತಾ ನೋಡು ಅವರ ಕೈಲಿ?"

ಸೊಸೆ ಒಲೆಗೆ ಸೌದೆ ತುರುಕಿ ಊದುತ್ತಲೇ ಇದ್ದಳು. ಹೊಗೆ ಎದ್ದಿತು, ಬೆಂಕಿ ಹತ್ತಲಿಲ್ಲ. ಹೊರಗೆ ಗೋಡೆಯ ಬುಡದಲ್ಲಿ ಕಬ್ಬಿಣದ ಗಡಿಗೂಟದ ಮೇಲೆ ಸುತ್ತಿಗೆ ಬಿದ್ದ ಸದ್ದು ಕೇಳಿಸಿತು. ಮತ್ತೆ ಬಿತ್ತು.

"ಪಕ್ಕದೋರು ಏನೋ ಕಟ್ಟಿಸ್ತಿದ್ದಾರೆ ಅಂತ ಕಾಣುತ್ತೆ," ಎಂದರು ಅತ್ತೆ.

ಸೊಸೆ ಎದ್ದು ಹೋಗಿ ಬಾಗಿಲಿನ ಚಿಲಕ ಹಾಕಿದಳು.